ಮೈನಸ್ ಮೂರರಲ್ಲಿ ಎಂಬತ್ತನಾಲ್ಕು

ಬಿಳೇಕಹಳ್ಳಿ
12 ಸೆಪ್ಟೆಂಬರ್ 1980

ಪೂಜ್ಯ ಗುರುಗಳಾದ ಪರಮಶಿವಯ್ಯನವರಿಗೆ ಗೋವಿಂದಮ್ಮ ಮಾಡುವ ನಮಸ್ಕಾರಗಳು.

ನನ್ನ ನೆನಪು ನಿಮಗೆ ಇದೆಯೋ ಇಲ್ಲವೋ. ನೀವು ಜಯನಗರದ ಸ್ಕೂಲಿನಲ್ಲಿ ಹತ್ತನೇ ಕ್ಲಾಸಿಗೆ ಗಣಿತ ಹೇಳುತ್ತಿದ್ದಾಗ ಕೊನೇ ಬೆಂಚಿನಲ್ಲಿ ಹಾಲಿನ ಕ್ಯಾನು ಇಟ್ಟುಕೊಂಡು ಕೂರುತ್ತಿದ್ದವಳು ನಾನು. "ಏನಮ್ಮ, ಎಮ್ಮೇನೂ ಕರ್ಕೊಂಡ್ ಬಂದಿದ್ದೀಯಾ?" ಎಂದು ಒಂದು ದಿನ ಕೇಳಿದಿರಿ, ಕ್ಲಾಸೆಲ್ಲ ನಕ್ಕಿತು. ಈಗ ನೆನಪಾಗಿರಬೇಕು.

ನಿಮ್ಮನ್ನು ಹರಪನಹಳ್ಳಿಗೆ ವರ್ಗ ಮಾಡಿದ್ದಾರೆಂದು ಸ್ಕೂಲಿನ ಜವಾನರು ಹೇಳಿ ವಿಳಾಸ ಕೊಟ್ಟರು. ಎಪ್ಪತ್ತೇಳರಲ್ಲಿ ನಾನು ಎಲ್ಲ ವಿಷಯ ಪಾಸಾಗಿ ಗಣಿತದಲ್ಲಿ ಮಾತ್ರ ಹೋದೆ. ಅಪ್ಪ ಅದೇ ವರ್ಷ ತೀರಿಕೊಂಡರು. ಆಮೇಲೆ ಪುಸ್ತಕ ಮುಟ್ಟಲಿಲ್ಲ.

ಈಗ ಮುಟ್ಟಬೇಕಾಗಿದೆ. ಬೊಮ್ಮನಹಳ್ಳಿ ಕಡೆ ಇದ್ದ ನಮ್ಮ ಹೊಲ ಒಂದು ಕಾರ್ಖಾನೆಗೆ ಹೋಯಿತು. ಜಮೀನು ಬಿಟ್ಟ ಮನೆಗೆ ಒಂದು ಕೆಲಸ ಕೊಡುತ್ತಾರೆ. ಹೊಲ ಅಪ್ಪನಿಗೂ ಚಿಕ್ಕಪ್ಪ ಬೈರಣ್ಣನಿಗೂ ಜಂಟಿಯಾಗಿತ್ತು, ಕೆಲಸ ಮಾತ್ರ ಒಂದೇ. ಊರ ಹಿರಿಯರು ಕೂತು ತೀರ್ಮಾನ ಮಾಡಿದರು: ಮುಂದಿನ ಜೂನ್ ಮುಗಿಯುವುದರೊಳಗೆ ನಾನು ಎಸ್.ಎಸ್.ಎಲ್.ಸಿ. ಪಾಸಾದರೆ ತಪಾಸಣೆ ವಿಭಾಗದ ಕೆಲಸ ನನಗೆ, ಇಲ್ಲದಿದ್ದರೆ ಚಿಕ್ಕಪ್ಪನ ಮಗ ಮುನಿಯಣ್ಣನಿಗೆ ಹೆಲ್ಪರ್ ಕೆಲಸ. ಅವ್ವ ಎಲ್ಲರೆದುರು ಎದ್ದು ನಿಂತು "ನಮ್ಮ ಹುಡ್ಗಿ ಪಾಸಾಯ್ತಾಳೆ, ಬರ್ಕೊಳ್ಳಿ" ಅಂದುಬಿಟ್ಟಳು. ಇನ್ನು ನಾನು ಪಾಸಾಗದೆ ವಿಧಿಯಿಲ್ಲ.

ಏಪ್ರಿಲ್ ಪರೀಕ್ಷೆಗೆ ಖಾಸಗಿಯಾಗಿ ಕಟ್ಟುತ್ತಿದ್ದೇನೆ. ಟಪಾಲಿನಲ್ಲಿ ನನಗೆ ಪಾಠ ಹೇಳಿಕೊಡುತ್ತೀರಾ? ಗ್ರಾಫು ನನಗೆ ಏನೂ ಬರುವುದಿಲ್ಲ. y = (x − 2)(x + 4) ಎಂದು ಕೊಟ್ಟು, ಈ ರೇಖೆ x-ಅಕ್ಷವನ್ನು ಎಲ್ಲಿ ಕಡಿಯುತ್ತದೆ ಎಂದು ಕೇಳುತ್ತಾರೆ. ಎಲ್ಲಿಂದ ಹಿಡಿಯಬೇಕೋ ತಿಳಿಯುತ್ತಿಲ್ಲ.

ನಿಮ್ಮ ವಿಧೇಯ ವಿದ್ಯಾರ್ಥಿನಿ,
ಗೋವಿಂದಮ್ಮ


ಹರಪನಹಳ್ಳಿ
25 ಸೆಪ್ಟೆಂಬರ್ 1980

ಕುಮಾರಿ ಗೋವಿಂದಮ್ಮನಿಗೆ ಆಶೀರ್ವಾದಗಳು.

ನೆನಪಿದೆ. ಕ್ಯಾನಿನ ಮುಚ್ಚಳ ಬಿದ್ದು ಸದ್ದಾದಾಗಲೆಲ್ಲ ನನ್ನ ಪ್ರಮೇಯ ಅರ್ಧಕ್ಕೆ ನಿಲ್ಲುತ್ತಿತ್ತು.

ಇಪ್ಪತ್ತೊಂದು ವರ್ಷ ಬೆಂಗಳೂರಿನಲ್ಲಿ ಸೀಮೆಸುಣ್ಣ ತಿಂದವನನ್ನು ಇಲ್ಲಿಗೆ ಎತ್ತಿ ಹಾಕಿದ್ದಾರೆ. ಮನೆಯವರು ಬನಶಂಕರಿಯಲ್ಲೇ ಇದ್ದಾರೆ. ನಾನು ಬಾಡಿಗೆ ಕೋಣೆಯಲ್ಲಿ ಉಪ್ಪಿಟ್ಟು ಕಲಿಯುತ್ತಿದ್ದೇನೆ. ನನಗಿಂತ ಚಿಕ್ಕವರೆಲ್ಲ ಪ್ರಶ್ನೆಪತ್ರಿಕೆ ತೆಗೆಯುವವರಾದರು, ಮುಖ್ಯ ಪರೀಕ್ಷಕರಾದರು. ನನ್ನನ್ನು ಕೇಳಿದವರಿಲ್ಲ. ಹೋಗಲಿ, ನೀನಾದರೂ ಕೇಳಿದೆಯಲ್ಲ.

x-ಅಕ್ಷದ ಮೇಲೆ ಇರುವ ಯಾವ ಬಿಂದುವಿಗೂ ಎತ್ತರವಿಲ್ಲ, ಅಂದರೆ ಅಲ್ಲಿ y ಸೊನ್ನೆ. ಆದ್ದರಿಂದ (x − 2)(x + 4) ಸೊನ್ನೆಯಾಗುವುದು ಯಾವಾಗ ಎಂದು ಕೇಳಿಕೊ. ಗುಣಾಕಾರದ ಮನೆಯಲ್ಲಿ ಒಬ್ಬ ಸೊನ್ನೆಯಾದರೆ ಸಾಕು, ಇಡೀ ಮನೆ ಸೊನ್ನೆ. x − 2 ಸೊನ್ನೆಯಾಗಬೇಕಾದರೆ x ಎರಡಾಗಬೇಕು. x + 4 ಸೊನ್ನೆಯಾಗಬೇಕಾದರೆ x ಮೈನಸ್ ನಾಲ್ಕಾಗಬೇಕು. ರೇಖೆ ಕಡಿಯುವುದು ಈ ಎರಡು ಕಡೆ. ಹತ್ತು ಲೆಕ್ಕವನ್ನೂ ಹಿಂಬದಿಯಲ್ಲಿ ಉತ್ತರವನ್ನೂ ಬರೆದಿದ್ದೇನೆ, ಮಾಡಿ ಎಷ್ಟು ಸರಿಯಾಯಿತೆಂದು ತಿಳಿಸು.

ಪರಮಶಿವಯ್ಯ


ಬಿಳೇಕಹಳ್ಳಿ
20 ಅಕ್ಟೋಬರ್ 1980

ಪೂಜ್ಯ ಗುರುಗಳಿಗೆ ನಮಸ್ಕಾರಗಳು.

ಹತ್ತರಲ್ಲಿ ಆರು ಸರಿ, ನಾಲ್ಕು ತಪ್ಪು. ಮನೆಯಲ್ಲಿ ಒಬ್ಬ ಸೊನ್ನೆಯಾದರೆ ಎಲ್ಲ ಸೊನ್ನೆ ಎಂದು ಬರೆದಿರಲ್ಲ, ಅದು ಚೆನ್ನಾಗಿ ಹಿಡಿಸಿತು. ನಮ್ಮ ಚಿಕ್ಕಪ್ಪನ ಮುಖ ನೆನೆದುಕೊಂಡರೆ ಮರೆಯುವುದೇ ಇಲ್ಲ. ಆದರೆ x + 4 = 0 ಎಂದು ಬರೆದು ನಾಲ್ಕನ್ನು ಆಚೆ ಸಾಗಿಸುವಾಗ ಚಿಹ್ನೆ ಕೈಕೊಡುತ್ತದೆ. ಯಾಕೆ ಬದಲಾಗಬೇಕು? ಸಂಖ್ಯೆ ಅದೇ ತಾನೆ? ಕಾರಣ ತಿಳಿದರೆ ನಾನು ಮರೆಯುವವಳಲ್ಲ.

ಇನ್ನೊಂದು ಅನುಮಾನ. (x − 2)(x − 2) ಎಂದು ಎರಡು ಸಲ ಒಂದೇ ಬಂದರೆ ರೇಖೆ ಎರಡು ಸಲ ಕಡಿಯುತ್ತದೆಯೇ, ಒಂದು ಸಲವೇ?

ಬೆಳಿಗ್ಗೆ ಜೆ.ಪಿ. ನಗರದ ಹೊಸ ಮನೆಗಳಿಗೆ ಹಾಲು ಹಾಕಿ ಬಂದು, ಮಧ್ಯಾಹ್ನ ಲೆಕ್ಕ ಮಾಡುತ್ತೇನೆ. ನಿಮ್ಮ ಕಾಗದ ಬರುವ ತನಕ ಅವ್ವ ದಿನವೂ ಪೋಸ್ಟ್‌ಮ್ಯಾನ್ ದಾರಿ ಕಾಯುತ್ತಾಳೆ.

ನಿಮ್ಮ ವಿದ್ಯಾರ್ಥಿನಿ,
ಗೋವಿಂದಮ್ಮ


ಹರಪನಹಳ್ಳಿ
5 ನವೆಂಬರ್ 1980

ಗೋವಿಂದಮ್ಮನಿಗೆ ಆಶೀರ್ವಾದ.

ಕಾರಣ ಕೇಳುತ್ತಾ ಕೂತರೆ ಏಪ್ರಿಲ್ ಬಂದುಬಿಡುತ್ತದೆ. ನಿನಗೆ ಬೇಕಾಗಿರುವುದು ಮೂವತ್ತೈದು ಅಂಕ, ಪಾಂಡಿತ್ಯವಲ್ಲ. ಆದ್ದರಿಂದ ಒಂದು ಸುಲಭ ದಾರಿ ಹೇಳುತ್ತೇನೆ, ಉರು ಹಚ್ಚು. ಆವರಣದೊಳಗೆ x ಜೊತೆ ಇರುವ ಸಂಖ್ಯೆಯನ್ನು ನೋಡು. ಅದರ ಚಿಹ್ನೆ ತಿರುಗಿಸಿ ಬರೆ. ಪ್ಲಸ್ ಇದ್ದರೆ ಮೈನಸ್, ಮೈನಸ್ ಇದ್ದರೆ ಪ್ಲಸ್. ಅಷ್ಟೇ. ಬೇರೆ ಏನನ್ನೂ ಯೋಚಿಸಬೇಡ.

ಒಂದೇ ಅಪವರ್ತನ ಎರಡು ಸಲ ಬಂದರೆ ರೇಖೆ ಅಕ್ಷವನ್ನು ಮುಟ್ಟಿ ಹಾಗೆಯೇ ಹಿಂತಿರುಗುತ್ತದೆ, ದಾಟುವುದಿಲ್ಲ. ಇದು ಪರೀಕ್ಷೆಗೆ ಬರುವುದಿಲ್ಲ.

ಪರಮಶಿವಯ್ಯ


ಬಿಳೇಕಹಳ್ಳಿ
10 ಡಿಸೆಂಬರ್ 1980

ಪೂಜ್ಯ ಗುರುಗಳಿಗೆ ಸಾಷ್ಟಾಂಗ ನಮಸ್ಕಾರಗಳು.

ಪುಸ್ತಕದ ಮೂವತ್ತು ಲೆಕ್ಕ ಮಾಡಿ ಹಿಂದಿನ ಉತ್ತರ ನೋಡಿದೆ. ಮೂವತ್ತೂ ಸರಿ. ನಿಮ್ಮ ಕಾರ್ಡನ್ನು ದೇವರ ಗೂಡಿನಲ್ಲಿ ಇಟ್ಟಿದ್ದೇನೆ. ಮೊದಲೇ ಈ ದಾರಿ ಹೇಳಿದ್ದರೆ ಎಪ್ಪತ್ತೇಳರಲ್ಲೇ ಪಾಸಾಗುತ್ತಿದ್ದೆಯಲ್ಲ ಎಂದು ಅವ್ವ ಅಂದಳು. ಹಾಗೆಲ್ಲ ಗುರುಗಳ ಬಗ್ಗೆ ಮಾತಾಡಬಾರದು ಎಂದು ಬೈದೆ.

ಭಾನುವಾರ ಸೊಗಡಿನ ಅವರೆಕಾಯಿ ಎರಡು ಸೇರು ತೆಗೆದುಕೊಂಡು ಬನಶಂಕರಿಯ ನಿಮ್ಮ ಮನೆಗೆ ಹೋಗಿದ್ದೆ. ಅಮ್ಮಾವರು ಬಾಗಿಲಲ್ಲೇ ನಿಂತು "ಎಷ್ಟಾಯ್ತು?" ಅಂದರು. ದುಡ್ಡು ಬೇಡ, ಸಾರ್ ನನಗೆ ಕಾಗದದಲ್ಲಿ ಪಾಠ ಹೇಳುತ್ತಾರೆ ಅಂದೆ. ಅವರು ಕಾಯಿ ತೆಗೆದುಕೊಂಡು ಬಾಗಿಲು ಹಾಕಿಕೊಂಡರು. ನಾನು ಹೋದದ್ದು ತಪ್ಪಾಯಿತೇನೋ. ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ವಿದ್ಯಾರ್ಥಿನಿ,
ಗೋವಿಂದಮ್ಮ


ಬಿಳೇಕಹಳ್ಳಿ
18 ಜನವರಿ 1981

ಪೂಜ್ಯ ಗುರುಗಳಿಗೆ ನಮಸ್ಕಾರಗಳು.

ನಿಮ್ಮಿಂದ ಕಾಗದ ಬಂದು ಎರಡು ತಿಂಗಳಾಯಿತು. ಆರೋಗ್ಯ ತಾನೆ?

ಒಂದು ಅನುಮಾನ ಬಂದಿದೆ. ಹಳೇ ಗೈಡೊಂದರಲ್ಲಿ y = (5 − x)(x + 1) ಎಂದು ಕೊಟ್ಟಿದ್ದಾರೆ. ಇಲ್ಲಿ ಸಂಖ್ಯೆ ಮುಂದಿದೆ, x ಹಿಂದಿದೆ. ಐದರ ಮುಂದೆ ಚಿಹ್ನೆಯೇ ಇಲ್ಲ, ಅಂದರೆ ಪ್ಲಸ್. ನಿಮ್ಮ ದಾರಿಯಲ್ಲಿ ತಿರುಗಿಸಿದರೆ ಮೈನಸ್ ಐದು ಬರುತ್ತದೆ. ಗೈಡಿನ ಹಿಂದಿನ ಪುಟದಲ್ಲಿ ಉತ್ತರ ಐದು ಎಂದಿದೆ. ಯಾವುದು ಸರಿ?

ಇದರ ಜೊತೆ ರಿಪ್ಲೈ ಕಾರ್ಡು ಇದೆ. ನನ್ನ ವಿಳಾಸ ನಾನೇ ಬರೆದಿದ್ದೇನೆ. ನೀವು ಒಂದು ಸಾಲು ಬರೆದು ಡಬ್ಬಕ್ಕೆ ಹಾಕಿದರೆ ಸಾಕು.

ನಿಮ್ಮ ವಿದ್ಯಾರ್ಥಿನಿ,
ಗೋವಿಂದಮ್ಮ


ಬಿಳೇಕಹಳ್ಳಿ
22 ಫೆಬ್ರವರಿ 1981

ಗುರುಗಳಿಗೆ ನಮಸ್ಕಾರಗಳು.

ಅವರೆಕಾಯಿ ತೆಗೆದುಕೊಂಡು ನಿಮ್ಮ ಮನೆ ಬಾಗಿಲಿಗೆ ಹೋದದ್ದಕ್ಕೇ ನಿಮಗೆ ಬೇಸರವಾಗಿದೆ ಎಂದು ಈಗ ಖಚಿತವಾಯಿತು. ಹಾಲು ಹಾಕುವವಳು ಹಿತ್ತಲ ಬಾಗಿಲಿಗೆ ಹೋಗಬೇಕಿತ್ತು, ಮುಂಬಾಗಿಲಿಗೆ ಹೋದೆ. ಇನ್ನು ಆ ಕಡೆ ಸುಳಿಯುವುದಿಲ್ಲ, ಆಣೆ.

ಆದರೆ ಸಿಟ್ಟನ್ನು ಲೆಕ್ಕದ ಮೇಲೆ ತೋರಿಸಬೇಡಿ. ಪರೀಕ್ಷೆಗೆ ಆರು ವಾರ ಉಳಿದಿದೆ. ಇನ್ನೊಂದು ರಿಪ್ಲೈ ಕಾರ್ಡು ಇಟ್ಟಿದ್ದೇನೆ. (5 − x) ಇದ್ದಾಗ ಐದೋ ಮೈನಸ್ ಐದೋ, ಅಷ್ಟು ಮಾತ್ರ ಬರೆಯಿರಿ. ನಿಮ್ಮ ಹೆಸರು ಕೂಡ ಹಾಕಬೇಡಿ.

ನೀವು ಬರೆಯದಿದ್ದರೆ ನಾನು ನಿಮ್ಮ ಮಾತನ್ನೇ ನಂಬುವುದು. ಗೈಡಿನವರು ದುಡ್ಡಿಗೆ ಅಚ್ಚು ಹಾಕುತ್ತಾರೆ, ಅದರಲ್ಲಿ ತಪ್ಪಿಗೇನು ಬರ. ಆ ಐದನ್ನು ಪೆನ್ಸಿಲಿನಲ್ಲಿ ಹೊಡೆದು ಮೈನಸ್ ಐದು ಎಂದು ತಿದ್ದಿಕೊಂಡಿದ್ದೇನೆ.

ಗೋವಿಂದಮ್ಮ


ಹರಪನಹಳ್ಳಿ
10 ಮಾರ್ಚ್ 1981

ಗೋವಿಂದಮ್ಮನಿಗೆ ಆಶೀರ್ವಾದ.

ಕೆಲಸದ ಒತ್ತಡದಿಂದ ಬರೆಯಲಾಗಲಿಲ್ಲ. ನಿನ್ನ ಮೇಲೆ ಯಾವ ಸಿಟ್ಟೂ ಇಲ್ಲ. ಇನ್ನು ಪರೀಕ್ಷೆ ಮುಗಿಯುವ ತನಕ ಪತ್ರ ಬೇಡ. ಮನಸ್ಸನ್ನು ಗಟ್ಟಿ ಮಾಡಿಕೊಂಡು ಓದು. ಪ್ರತಿ ಉತ್ತರವನ್ನೂ ಒಮ್ಮೆ ಪರೀಕ್ಷಿಸಿ ನೋಡುವುದು ಒಳ್ಳೆಯ ಅಭ್ಯಾಸ. ದೇವರು ಒಳ್ಳೆಯದು ಮಾಡಲಿ.

ಪರಮಶಿವಯ್ಯ


ಬಿಳೇಕಹಳ್ಳಿ
9 ಏಪ್ರಿಲ್ 1981

ಪೂಜ್ಯ ಗುರುಗಳಿಗೆ ಕೋಟಿ ನಮಸ್ಕಾರಗಳು.

ನಿನ್ನೆ ಗಣಿತ ಮುಗಿಯಿತು. ಬರೆಯಬೇಡ ಅಂದಿದ್ದಿರಿ, ಮುಗಿದ ಮೇಲೆ ಬರೆಯುತ್ತಿದ್ದೇನೆ.

ಮಾರ್ಚ್ ತಿಂಗಳ ನಿಮ್ಮ ಕಾಗದ ಬಂದಾಗ ನನಗೆ ಜೀವ ಬಂದಂತಾಯಿತು. ಅದನ್ನು ಹತ್ತು ಸಲ ಓದಿದೆ. ಮೈನಸ್ ಐದು ಎಂದು ತಿದ್ದಿಕೊಂಡಿದ್ದೇನೆ ಎಂದು ನಾನು ಬರೆದದ್ದಕ್ಕೆ ನೀವು ತಪ್ಪು ಅನ್ನಲಿಲ್ಲ. ತಪ್ಪಾಗಿದ್ದರೆ ನೀವು ಸುಮ್ಮನಿರುವವರಲ್ಲ, ಬೆತ್ತ ಹಿಡಿದ ಕೈ ಅದು. ಹಾಗಾದರೆ ಸರಿ ಎಂದು ಧೈರ್ಯ ಮಾಡಿಕೊಂಡೆ.

ನೋಡಿ, ಅದೇ ಬಂತು. y = (x + 1)(3 − x)(x − 4), x-ಅಕ್ಷವನ್ನು ಎಲ್ಲಿ ಕಡಿಯುತ್ತದೆ, ನಕ್ಷೆ ಬರೆಯಿರಿ. ಐದು ಅಂಕ. ನನ್ನ ಪಕ್ಕದ ಹುಡುಗಿ ಪೆನ್ನು ಕಚ್ಚುತ್ತಾ ಕೂತಿದ್ದಳು. ನಾನು ಒಂದೇ ಉಸಿರಿಗೆ ಬರೆದೆ: ಮೈನಸ್ ಒಂದು, ಮೈನಸ್ ಮೂರು, ನಾಲ್ಕು. ಮಿಕ್ಕಿದ್ದರಲ್ಲಿ ಲೆಕ್ಕ ಹಾಕಿದರೆ ಮೂವತ್ತೆರಡು ಮೂವತ್ಮೂರು ಬರುತ್ತದೆ, ಈ ಐದು ಸೇರಿದರೆ ದಾಟಿದೆ. ಅವ್ವನಿಗೆ ಹೇಳಿದೆ. ಅವಳು ಅಣ್ಣಮ್ಮ ದೇವಿಗೆ ತಂಬಿಟ್ಟಿನ ಆರತಿ ಹೊತ್ತಳು.

ನಿಮ್ಮ ವಿಧೇಯ ವಿದ್ಯಾರ್ಥಿನಿ,
ಗೋವಿಂದಮ್ಮ


ಬಿಳೇಕಹಳ್ಳಿ
6 ಜೂನ್ 1981

ಗುರುಗಳಿಗೆ ನಮಸ್ಕಾರಗಳು.

ಮೂವತ್ಮೂರು. ಎರಡು ಅಂಕ ಕಡಿಮೆ. ಎಲ್ಲಿ ಹೋಯಿತೋ ಗೊತ್ತಿಲ್ಲ, ನನ್ನ ಬೇಜವಾಬ್ದಾರಿಯೇ ಇರಬೇಕು. ನೀವು ಪಟ್ಟ ಶ್ರಮ ವ್ಯರ್ಥವಾಯಿತು, ಕ್ಷಮಿಸಿ.

ಚಿಕ್ಕಪ್ಪ ಬೆಳಿಗ್ಗೆಯೇ ಬಂದು ಕಾರ್ಖಾನೆಯ ಕಾಗದಕ್ಕೆ ಅವ್ವನ ಹೆಬ್ಬೆಟ್ಟು ಒತ್ತಿಸಿಕೊಂಡ. "ಬೇಜಾರ್ ಮಾಡ್ಕೋಬೇಡ ಅತ್ತಿಗೆ, ಹೆಣ್ಮಕ್ಳಿಗೆ ಲೆಕ್ಕ ಯಾಕೆ" ಅಂದ. ಅವ್ವ ಅವನಿಗೆ ಕಾಫಿ ಕೊಟ್ಟಳು. ಆಮೇಲೆ ಕೊಟ್ಟಿಗೆಗೆ ಹೋದವಳು ಮಧ್ಯಾಹ್ನದ ತನಕ ಬರಲಿಲ್ಲ.

ಗೋವಿಂದಮ್ಮ


ಹರಪನಹಳ್ಳಿ
17 ಜೂನ್ 1981

ಗೋವಿಂದಮ್ಮನಿಗೆ ಆಶೀರ್ವಾದ.

ವಿಷಯ ತಿಳಿದು ತುಂಬಾ ನೋವಾಯಿತು. ಮರು ಎಣಿಕೆಗೆ ಅರ್ಜಿ ಹಾಕಬಹುದು. ಅಕ್ಟೋಬರ್ ಪರೀಕ್ಷೆಗೆ ಮತ್ತೆ ಕಟ್ಟು, ಈ ಸಲ ನಾನು ಸಮಯ ಮಾಡಿಕೊಂಡು ಹೇಳಿಕೊಡುತ್ತೇನೆ. ಪ್ರಯತ್ನ ಮಾಡುವುದು ನಮ್ಮ ಕೈಯಲ್ಲಿದೆ, ಫಲ ಅವನ ಕೈಯಲ್ಲಿದೆ.

ಪರಮಶಿವಯ್ಯ


ಬನಶಂಕರಿ ಎರಡನೇ ಹಂತ
2 ಸೆಪ್ಟೆಂಬರ್ 1984

ಗೋವಿಂದಮ್ಮನಿಗೆ ಆಶೀರ್ವಾದ.

ಆಗಿನಿಂದ ನೀನು ಬರೆಯಲಿಲ್ಲ. ನಾನು ಹೋದ ತಿಂಗಳು ನಿವೃತ್ತನಾಗಿ ಊರಿಗೆ ಬಂದೆ. ನಿನ್ನ ಬಿಳೇಕಹಳ್ಳಿ ಇಲ್ಲಿಂದ ಎರಡು ಬಸ್ಸಿನ ದಾರಿ. ಎರಡು ಸಲ ಹೊರಟು, ಬಸ್ ಸ್ಟಾಪಿನಿಂದ ವಾಪಸು ಬಂದೆ. ಆದ್ದರಿಂದ ಈ ಕಾಗದ.

ಎಂಬತ್ತರ ಡಿಸೆಂಬರಿನಲ್ಲಿ ನನಗೆ ಒಂದು ರಿಜಿಸ್ಟರ್ಡ್ ಲಕೋಟೆ ಬಂತು. ಎಸ್.ಎಸ್.ಎಲ್.ಸಿ. ಗಣಿತದ ಪ್ರಶ್ನೆಪತ್ರಿಕೆ ತೆಗೆಯುವ ಕೆಲಸ. ಅದಕ್ಕೆ ನಾನು ಎಷ್ಟು ವರ್ಷ ಕಾದಿದ್ದೆ ಎಂದು ನಿನಗೆ ಮೊದಲ ಕಾಗದದಲ್ಲೇ ಹಲುಬಿದ್ದೆ. ಲಕೋಟೆಯಲ್ಲಿ ಒಂದು ಮುಚ್ಚಳಿಕೆ ಇತ್ತು: ಈ ಪರೀಕ್ಷೆಗೆ ಕೂರುವ ಯಾರಿಗೂ ನಾನು ಪಾಠ ಹೇಳುತ್ತಿಲ್ಲ, ವಿಷಯವನ್ನು ಯಾರಿಗೂ ಬಿಡುವುದಿಲ್ಲ ಎಂದು. ನಿನ್ನ ನೆನಪಾಯಿತು. ಒಂದೆರಡು ಕಾಗದ ಬರೆದರೆ ಅದೇನು ಪಾಠವೇ ಎಂದುಕೊಂಡು ಸಹಿ ಹಾಕಿದೆ. ಅಂದಿನಿಂದ ನಿನಗೆ ಬರೆಯುವುದನ್ನು ನಿಲ್ಲಿಸಿದೆ. ಅವರೆಕಾಯಿಗೂ ಅದಕ್ಕೂ ಸಂಬಂಧವಿಲ್ಲ. ಅವರೆಕಾಯಿ ಬಂದ ಸಂಗತಿ ಮನೆಯವಳು ನನಗೆ ಹೇಳಿಯೇ ಇರಲಿಲ್ಲ, ನಿನ್ನ ಕಾಗದದಿಂದ ತಿಳಿಯಿತು.

ಆ ಐದು ಅಂಕದ ಪ್ರಶ್ನೆ ನನ್ನದು. (3 − x) ಎಂದು ಬೇಕೆಂದೇ ತಿರುಗಿಸಿ ಇಟ್ಟೆ. ಕಾರಣ ಹೇಳದೆ ಚಿಹ್ನೆ ತಿರುಗಿಸು ಎಂದು ಉರು ಹೊಡೆಸುವ ಮೇಷ್ಟ್ರುಗಳಿಗೆ ಬುದ್ಧಿ ಬರಲಿ ಎಂದು ನಗುತ್ತಾ ಬರೆದಿದ್ದೆ. ಪತ್ರಿಕೆ ಮುದ್ರೆ ಹಾಕಿ ಕಳಿಸಿ ಮೂರು ದಿನಕ್ಕೆ ನಿನ್ನ ಜನವರಿಯ ಕಾಗದ ಬಂತು. ಅಂಥ ಮೇಷ್ಟ್ರು ಯಾರು ಎಂದು ಆಗ ಗೊತ್ತಾಯಿತು.

ನಾನು ಐದು ಎಂದು ಬರೆದಿದ್ದರೆ ಪ್ರಶ್ನೆಯನ್ನೇ ಬಿಟ್ಟುಕೊಟ್ಟಂತೆ ಆಗುತ್ತಿತ್ತು. ನಿನ್ನ ಎರಡು ಕಾರ್ಡುಗಳೂ ನನ್ನ ಮೇಜಿನ ಖಾನೆಯಲ್ಲಿ ಹಾಗೇ ಇವೆ, ನಿನ್ನ ಕೈಬರಹದ ವಿಳಾಸದೊಡನೆ. ನನ್ನ ಕೈ ಕಟ್ಟಿತ್ತು. ಇದನ್ನು ತಿಳಿದು ನೀನು ನನ್ನನ್ನು ಕ್ಷಮಿಸಿದರೆ ಈ ವಯಸ್ಸಿನಲ್ಲಿ ಒಂದಿಷ್ಟು ನಿದ್ದೆ ಬರುತ್ತದೆ.

ಪರಮಶಿವಯ್ಯ


ಬಿಳೇಕಹಳ್ಳಿ
23 ಸೆಪ್ಟೆಂಬರ್ 1984

ಪರಮಶಿವಯ್ಯನವರಿಗೆ,

ನಿಮ್ಮ ಕಾಗದ ಬಂದು ಎರಡು ವಾರಕ್ಕಿಂತ ಹೆಚ್ಚಾಯಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ದೀರಿ. ಆದರೂ ಹಾಕಿದ್ದೀರಲ್ಲ, ಉತ್ತರ ಬರೆಯದೆ ಇರುವುದು ನನ್ನ ಪದ್ಧತಿಯಲ್ಲ.

ಎಲ್ಲಿ ಅಂಕ ಹೋಯಿತೋ ಗೊತ್ತಿಲ್ಲ ಎಂದು ಆ ಜೂನಿನಲ್ಲಿ ಬರೆದಿದ್ದೆ. ಅದು ಸುಳ್ಳು. ಫಲಿತಾಂಶ ಬಂದ ದಿನವೇ ಪ್ರಶ್ನೆಪತ್ರಿಕೆ ಹರಡಿಕೊಂಡು ಕೂತು, x ಇದ್ದ ಕಡೆಯಲ್ಲೆಲ್ಲ ಮೈನಸ್ ಮೂರು ಇಟ್ಟು ನೋಡಿದೆ. ಮೊದಲ ಆವರಣ ಮೈನಸ್ ಎರಡು, ಎರಡನೆಯದು ಆರು, ಮೂರನೆಯದು ಮೈನಸ್ ಏಳು. ಗುಣಿಸಿದರೆ ಎಂಬತ್ತನಾಲ್ಕು. ರೇಖೆ ನೆಲ ಮುಟ್ಟುತ್ತದೆ ಎಂದು ನಾನು ಬರೆದ ಜಾಗದಲ್ಲಿ ಅದು ಎಂಬತ್ತನಾಲ್ಕು ಮನೆ ಮೇಲಿತ್ತು. ಮೂರು ಇಟ್ಟೆ, ಸೊನ್ನೆ ಬಂತು. ಗೈಡು ಸರಿಯಾಗಿತ್ತು. ತಿದ್ದಿದವಳು ನಾನು.

ನಿಮ್ಮ ದಾರಿ ತಪ್ಪು ಎಂದು ಆಗಲೇ ತಿಳಿಯಿತು. ಯಾರಿಗೂ ಹೇಳಲಿಲ್ಲ. ಅವ್ವ ಎಷ್ಟು ಸಲ ಕೇಳಿದಳು, "ಸಾರ್ ಹೇಳ್ಕೊಟ್ಟಂಗೇ ಬರ್ದೆ ತಾನೆ? ಮತ್ತೆ ಹೆಂಗೆ ಹೋಯ್ತು?" ಎಂದು. ನಾನೇ ಆತುರಪಟ್ಟೆ ಅಂದೆ. ಸಾರ್‌ಗೂ ಗೊತ್ತಿಲ್ಲದೆ ಬಾಯ್ತಪ್ಪಿರಬೇಕು, ಇಷ್ಟು ವರ್ಷ ಪಾಠ ಹೇಳಿದವರ ಹೆಸರು ನನ್ನಿಂದ ಕೆಡಬಾರದು ಎಂದುಕೊಂಡೆ. ನಿಮಗೆ ನಾಚಿಕೆಯಾಗುತ್ತದೆ ಎಂದೇ ಕಾಗದ ಬರೆಯುವುದನ್ನು ಬಿಟ್ಟೆ. ಅವ್ವ ಹೋದ ವರ್ಷ ತೀರಿಕೊಂಡಳು. ಮಗಳು ಆತುರಗೇಡಿ ಎಂದು ತಿಳಿದೇ ಹೋದಳು. ಈಗ ನೋಡಿದರೆ ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಎರಡು ಕಾರ್ಡನ್ನು ಖಾನೆಯೊಳಗೆ ಇಟ್ಟು, ದೇವರು ಒಳ್ಳೆಯದು ಮಾಡಲಿ ಎಂದು ಬರೆದಿರಿ. ಕೆಲಸ ಹೋದಾಗಲೂ ನನಗೆ ಇಷ್ಟು ಉರಿದಿರಲಿಲ್ಲ.

ಕೈ ಕಟ್ಟಿತ್ತು ಅನ್ನುತ್ತೀರಿ. ಹೌದು, ಐದು ಎಂದು ಬರೆಯಬಾರದಿತ್ತು. ಅದನ್ನು ನಾನೂ ಒಪ್ಪುತ್ತೇನೆ. ಆದರೆ ಸಾರ್, "ಚಿಹ್ನೆ ತಿರುಗಿಸುವುದನ್ನು ಬಿಡು, ನನ್ನ ಮೊದಲ ಕಾಗದ ಓದು" ಎಂದು ಬರೆದಿದ್ದರೆ ಯಾವ ಪ್ರಶ್ನೆ ಬಯಲಾಗುತ್ತಿತ್ತು? ಆವರಣ ಸೊನ್ನೆಯಾಗುವುದು ಯಾವಾಗ ಎಂದು ಕೇಳಿಕೊ ಎಂದು ಸೆಪ್ಟೆಂಬರಿನಲ್ಲಿ ನೀವೇ ಬರೆದಿದ್ದಿರಿ. ಅದು ಎಲ್ಲ ಪುಸ್ತಕದಲ್ಲೂ ಇದೆ. ಅದು ಗುಟ್ಟಲ್ಲ, ಪಾಠ. ನಿಮ್ಮ ತಪ್ಪನ್ನು ನೀವು ವಾಪಸು ತೆಗೆದುಕೊಳ್ಳುವುದಕ್ಕೆ ಯಾವ ಮುಚ್ಚಳಿಕೆ ಅಡ್ಡ ಬಂದಿತ್ತು? ಹಾಗೆ ಬರೆದರೆ ಹಾಲಿನವಳ ಮುಂದೆ ತಪ್ಪು ಒಪ್ಪಿಕೊಂಡಂತಾಗುತ್ತಿತ್ತು, ಅಷ್ಟೇ ಅಲ್ಲವೇ?

ಅಕ್ಟೋಬರಿನಲ್ಲಿ ನಾನು ಪಾಸಾದೆ. ಅರವತ್ತೆಂಟು. ಯಾರನ್ನೂ ಕೇಳಲಿಲ್ಲ. ಪ್ರತಿ ಉತ್ತರವನ್ನೂ ವಾಪಸು ಇಟ್ಟು ಸೊನ್ನೆ ಬರುತ್ತದೆಯೇ ಎಂದು ನೋಡಿಕೊಂಡೆ. ಅಷ್ಟರಲ್ಲಿ ಮುನಿಯಣ್ಣ ಕಾರ್ಖಾನೆ ಸೇರಿ ಮೂರು ತಿಂಗಳಾಗಿತ್ತು. ಅವನ ಸೈಕಲ್ಲು ನಮ್ಮ ಹೊಲದ ಮೇಲೆ ನಿಲ್ಲುತ್ತದೆ. ನಾನು ಅದರ ಮುಂದಿನಿಂದಲೇ ದಿನವೂ ನಡೆದುಕೊಂಡು ಗಾರ್ಮೆಂಟ್ಸ್‌ಗೆ ಹೋಗುತ್ತೇನೆ, ಕಾಲರ್ ಹೊಲಿಯುತ್ತೇನೆ. ಮರು ಎಣಿಕೆಗೆ ಹಾಕು ಅಂದಿರಲ್ಲ, ಎಣಿಕೆ ಸರಿಯಾಗಿದೆ ಎಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು.

ಕ್ಷಮಿಸು ಅನ್ನುತ್ತೀರಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ನಿಮ್ಮ ನಿದ್ದೆ ನನ್ನ ಕೈಯಲ್ಲಿಲ್ಲ. ದೇವರ ಗೂಡಿನಲ್ಲಿದ್ದ ನಿಮ್ಮ ನವೆಂಬರ್ ಐದರ ಕಾರ್ಡನ್ನು ಇದರೊಳಗೆ ಇಟ್ಟು ಕಳಿಸುತ್ತಿದ್ದೇನೆ. ಅದು ನಿಮ್ಮದು.

ನನ್ನದು ನಿಮ್ಮ ಹತ್ತಿರ ಎರಡಿದೆ. ಆ ರಿಪ್ಲೈ ಕಾರ್ಡುಗಳನ್ನು ಒಂದು ಲಕೋಟೆಯಲ್ಲಿ ಹಾಕಿ ವಾಪಸು ಕಳಿಸಿ. ಅವುಗಳ ಮೇಲೆ ಒಂದು ಅಕ್ಷರವನ್ನೂ ಬರೆಯಬೇಡಿ. ಗಾರ್ಮೆಂಟ್ಸ್‌ನಲ್ಲಿ ನಮ್ಮ ಹೊಲಿಗೆ ಲೈನಿನಲ್ಲಿ ಉಮಾಮಹೇಶ್ವರಿ ಎಂದು ಒಬ್ಬಳಿದ್ದಾಳೆ, ಗಣಿತದಲ್ಲಿ ಹೋದವಳು. ಊಟದ ಹೊತ್ತಿನಲ್ಲಿ ನಾನು ಅವಳಿಗೆ ಹೇಳಿಕೊಡುತ್ತಿದ್ದೆ. ಈಗ ಮದುವೆಯಾಗಿ ಕೋಲಾರಕ್ಕೆ ಹೊರಟಿದ್ದಾಳೆ, ಅಲ್ಲಿಂದ ಪರೀಕ್ಷೆಗೆ ಕಟ್ಟುತ್ತಾಳೆ. ಕಾರ್ಡಿನ ಮೇಲೆ ನನ್ನ ವಿಳಾಸ ಹೇಗೂ ಇದೆ. ಅವಳು ಅನುಮಾನ ಬರೆದು ಹಾಕಲಿ. ನಾನು ಅದೇ ವಾರ ಉತ್ತರ ಬರೆಯುತ್ತೇನೆ.

ಗೋವಿಂದಮ್ಮ